ಸುರಂಗಕ್ಕೆ ಮೊದಲು ಮಣ್ಣು

ನಾನಿರುವುದು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ. ಬೆಂಗಳೂರಿನಲ್ಲಿ ಕಾರುಗಳಿಗಾಗಿ ಕೊರೆಯಬೇಕೆನ್ನುವ ಸುರಂಗ ರಸ್ತೆಯ ಮಾತೆತ್ತಿದರೆ ಸಾಕು, ಊರಿನ ಗೆಳೆಯರು ಕೇಳುತ್ತಾರೆ: "ನಿಮ್ಮ ಹೆಲ್ಸಿಂಕಿಯಲ್ಲಿ ಎಲ್ಲಾ ನೆಲದ ಕೆಳಗೇ ಇದೆಯಂತಲ್ಲೋ, ನಮಗ್ಯಾಕೆ ಆಗಲ್ಲ?"

ಇರುವುದೇನೋ ನಿಜ. ಇಲ್ಲಿನ ಇತಾಕೆಸ್ಕುಸ್ ಬಡಾವಣೆಯಲ್ಲಿ ಈಜುಕೊಳವೇ ಬಂಡೆಯೊಳಗಿದೆ. 1993ರಲ್ಲಿ ತೆರೆದದ್ದು. ಯುದ್ಧ ಬಂದರೆ ಸುಮಾರು 3,800 ಜನ ಅಲ್ಲಿ ಅಡಗಬಹುದು. ಊರಿನ ಕೊಳಚೆ ನೀರು ಶುದ್ಧವಾಗುವುದೂ ಬಂಡೆಯೊಳಗೇ. ಕುಡಿಯುವ ನೀರು ಪೈಯಾನ್ನೆ ಸರೋವರದಿಂದ 120 ಕಿ.ಮೀ. ಸುರಂಗದಲ್ಲಿ ಬರುತ್ತದೆ.

ನನಗೆ ಹಿಡಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ಇವರ ನಕ್ಷೆ. 2010ರಲ್ಲಿ ನಗರಸಭೆ ಇಡೀ ಊರಿನ ನೆಲದಡಿಗೇ ಒಂದು ಮಾಸ್ಟರ್ ಪ್ಲಾನ್ ಒಪ್ಪಿತು. ಎಲ್ಲಿ ಏನು ಬಂದಿದೆ, ಮುಂದಿನವರಿಗೆ ಯಾವ ಬಂಡೆ ಬಿಡಬೇಕು, ಎಲ್ಲ ಅದರಲ್ಲಿದೆ. ಕೊರೆಯುವಾಗ ಬಿರುಕುಗಳಿಗೆ ಒತ್ತಡದಲ್ಲಿ ಸಿಮೆಂಟ್ ತುಂಬಿ ನೀರು ಸೋರದಂತೆ ನೋಡಿಕೊಳ್ಳುತ್ತಾರೆ. ಯಾಕೆಂದರೆ ಹಳೆಯ ಕಟ್ಟಡಗಳಲ್ಲಿ ಕೆಲವು ಜೇಡಿಮಣ್ಣಿನಲ್ಲಿ ಹೂತ ಮರದ ದಿಮ್ಮಿಗಳ ಮೇಲೆ ನಿಂತಿವೆ. ಅಂತರ್ಜಲ ಇಳಿದು ಗಾಳಿ ತಾಗಿದರೆ ದಿಮ್ಮಿ ಕೊಳೆಯುತ್ತದೆ. ಹಾಗಾಗಿ ನೀರಿನ ಮಟ್ಟ ಅಳೆಯುತ್ತಲೇ ಇರುತ್ತಾರೆ.

ಬಂಡೆ ನಮಗೂ ಉಂಟು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಇಲ್ಲಿನದಕ್ಕಿಂತ ಹಿರಿಯ. ಆದರೆ ಹೆಲ್ಸಿಂಕಿಯಲ್ಲಿ ಬಂಡೆ ಎಷ್ಟೋ ಕಡೆ ರಸ್ತೆ ಪಕ್ಕದಲ್ಲೇ ತಲೆ ಎತ್ತಿರುತ್ತದೆ. ಬೆಂಗಳೂರಿನಲ್ಲಿ ಅದರ ಮೇಲೆ ಕೆಮ್ಮಣ್ಣು, ಪುಡಿಯಾದ ಕಲ್ಲು ಇದೆ. ಮಳೆ ನೀರನ್ನು ಹಿಡಿದಿಡುವುದು ಈ ಪದರವೇ. ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕಿನಲ್ಲಿ ಮಾತ್ರ. ಕೆಲವು ಕಡೆ ಮೂವತ್ತು ಅಡಿಯ ಬಾವಿಯಲ್ಲಿ ನೀರಿರುತ್ತದೆ, ನಾವು ಸಾವಿರ ಅಡಿ ಬೋರ್‌ವೆಲ್ ಕೊರೆಸುತ್ತೇವೆ! ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳೆತ್ತಿದಾಗ ನೀರು ಬಂತಲ್ವಾ? ಎತ್ತಿದವರು ಬಾವಿ ತೋಡುವ ಮಣ್ಣು ವಡ್ಡರು. ಎಲ್ಲಿ ಅಗೆದರೆ ನೀರು ಅಂತ ತಲೆತಲಾಂತರದಿಂದ ಬಲ್ಲವರು. ನಮ್ಮಲ್ಲೂ ನೆಲದಡಿಯ ನಕ್ಷೆ ಮಾಡುವುದಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಈಗ ಆಗುತ್ತಿರುವುದು ಬೇರೆ. ಫುಟ್‌ಪಾತಿನ ಮರಕ್ಕೆ ಬುಡದವರೆಗೂ ಸಿಮೆಂಟು. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮನೆ ಸುತ್ತ ಬಿಟ್ಟ ಮೂರಡಿ ಜಾಗಕ್ಕೂ ಟೈಲ್ಸ್. ನಮ್ಮಣ್ಣನ ಮನೆಯಲ್ಲೂ ಅದೇ, "ಕೆಸರಾಗುತ್ತೆ ಕಣೋ" ಅಂತಾನೆ. ಆ ಮೂರಡಿಯಲ್ಲಿ ಒಂದು ಇಂಗುಬಾವಿ ತೋಡಿಸಿದರೆ ಕೆಸರೂ ಇರಲ್ಲ.

ಮೆಟ್ರೊಗೆ ಸುರಂಗ ಬೇಕು, ಒಪ್ಪುತ್ತೇನೆ. ಜಾಸ್ತಿ ಜನ ಓಡಾಡುತ್ತಾರೆ. ಕಾರಿಗೆ ಬೇಡ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಕೊರೆಯಲೇಬೇಕು ಎನ್ನುವವರು ದಾರಿಯುದ್ದಕ್ಕೂ ಬಾವಿ, ಕೆರೆ, ಅಂತರ್ಜಲದ ಮಟ್ಟ ತೋರಿಸುವ ನಕ್ಷೆಯನ್ನು ಮೊದಲು ಜನರ ಮುಂದಿಡಲಿ. ಟೆಂಡರ್ ಆಮೇಲೆ.