ಟೇಪಿರ್ ಕಟ್ಟಿದ ರಥ

ಕುದುರೆ ಎಂದು ಬರೆದಿದ್ದರೆ ಅದು ಕುದುರೆಯೇ ಆಗಿರಬೇಕು ಎಂದು ಯಾರಪ್ಪ ಹೇಳಿದ್ದು? ಟೇಪಿರ್ ಇರಬಹುದು.

ಟೇಪಿರ್ ನೋಡಿರದವರಿಗೆ ಹೇಳುತ್ತೇನೆ: ಹಂದಿಯ ಮೈ, ಆನೆಯಾಗಲು ಹೊರಟು ಅರ್ಧಕ್ಕೇ ಮನಸ್ಸು ಬದಲಿಸಿದಂಥ ಮೋಟು ಸೊಂಡಿಲು, ನೀರು ಕಂಡರೆ ಹೋಗಿ ಬೀಳುವ ಸ್ವಭಾವ. ಪಾಪದ ಪ್ರಾಣಿ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಪವಿತ್ರಗ್ರಂಥವಾದ ಮಾರ್ಮನ್ ಗ್ರಂಥದ ಪ್ರಕಾರ ಕ್ರಿಸ್ತನಿಗೂ ಮುಂಚಿನ ಅಮೆರಿಕದಲ್ಲಿ ಕುದುರೆಯಿತ್ತು, ರಥವಿತ್ತು, ಉಕ್ಕಿತ್ತು, ಗೋಧಿಯಿತ್ತು. ಅಲ್ಲಿನ ಕುದುರೆಗಳ ವಂಶ ಸುಮಾರು 10,000 ವರ್ಷಗಳ ಹಿಂದೆಯೇ ಅಳಿದು, ಮತ್ತೆ ಅವು ಆ ನೆಲಕ್ಕೆ ಕಾಲಿಟ್ಟಿದ್ದು ಸ್ಪೇನಿನವರ ಹಡಗಿನಿಂದ ಎಂದು ಯಾರೋ ತಲೆಹರಟೆಗಳು ಕೇಳಿದಾಗ, ಧರ್ಮಸಮರ್ಥಕ ಪಂಡಿತರು ಮುಂದಿಟ್ಟ ಸಾಧ್ಯತೆಗಳಲ್ಲಿ ಒಂದು ಈ ಟೇಪಿರ್. ಹೊಸ ನಾಡಿಗೆ ಬಂದವರು ಕಂಡ ಪ್ರಾಣಿಗೆ ಗೊತ್ತಿದ್ದ ಹೆಸರಿಟ್ಟಿರಬಹುದಂತೆ. ನಮ್ಮ ಗಾದೆ ಮಾಡಿದವರು ಹಿಡಿದ ಮೊಲದ ಒಂದು ಕಾಲನ್ನಷ್ಟೇ ಕಡಿಮೆ ಮಾಡಿದರು. ಮೊಲವನ್ನೇ ಬದಲಿಸಬಹುದೆಂದು ಹೊಳೆಯಲೇ ಇಲ್ಲ ನೋಡಿ.

ಈ ಜ್ಞಾನವೆಲ್ಲ ನನಗೆ ಬಂದದ್ದು ಭಾವಮೈದುನನ ಕಡೆಯಿಂದ. ಯೂಟಾದ ಲೀಹೈ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಅವನದು. ಊರಿನ ಹೆಸರೂ ಅದೇ ಗ್ರಂಥದ ಪ್ರವಾದಿಯದ್ದೇ. ಅವನ ಜೊತೆ ಕೆಲಸ ಮಾಡುವವನೊಬ್ಬ, ಆರು ತಲೆಮಾರಿನ ಮಾರ್ಮನ್, 43ನೇ ವಯಸ್ಸಿನಲ್ಲಿ ಚರ್ಚ್ ಬಿಟ್ಟು ಬಂದಿದ್ದಾನೆ. ಅಂದಹಾಗೆ ಮಾರ್ಮನ್ ಅನ್ನಬಾರದು. 2018ರಲ್ಲಿ ಅವರ ಅಧ್ಯಕ್ಷರು ಆ ಅಡ್ಡಹೆಸರು ಬಳಸಿದರೆ ಸೈತಾನನಿಗೆ ಜಯ ಎಂದುಬಿಟ್ಟರು. ಅದಕ್ಕೆ ಮುಂಚೆ ‘ನಾನು ಮಾರ್ಮನ್’ ಎಂದು ಎದೆತಟ್ಟಿಕೊಳ್ಳುವ ಜಾಹೀರಾತಿಗೆ ಚರ್ಚೇ ವರ್ಷಗಟ್ಟಲೆ ದುಡ್ಡು ಸುರಿದಿತ್ತು. ಅಷ್ಟು ವರ್ಷ ಸೈತಾನ ಕೂತಲ್ಲೇ ಗೆಲ್ಲುತ್ತಿದ್ದ.

ಈ ಮನುಷ್ಯ ಹರೆಯದಲ್ಲಿ ಎರಡು ವರ್ಷ ಬಿಳಿ ಶರ್ಟು, ಟೈ, ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಧರ್ಮಪ್ರಚಾರಕ್ಕೆಂದು ಕಂಡವರ ಮನೆ ಬಾಗಿಲು ತಟ್ಟಿದವನು. ಕೈಯಲ್ಲೊಂದು ಚಿತ್ರ: ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮೇಜಿನ ಮುಂದೆ ಕೂತು, ಆ ಗ್ರಂಥದ ಮೂಲವೆನ್ನುವ ಚಿನ್ನದ ಹಲಗೆಗಳ ಮೇಲೆ ಬೆರಳಾಡಿಸುತ್ತ, ನಮ್ಮ ಶಾಸನತಜ್ಞರ ಹಾಗೆ ಅಕ್ಷರ ಬಿಡಿಸುತ್ತಿದ್ದಾನೆ. ನಿಜದಲ್ಲಿ ಆದದ್ದೇನೆಂದರೆ, ಟೋಪಿಯೊಳಗೆ ಒಂದು ಕಲ್ಲು ಹಾಕಿ, ಬೆಳಕು ಬೀಳದಂತೆ ಅದರಲ್ಲಿ ಮುಖ ಹುದುಗಿಸಿ, ಕಲ್ಲಿನಲ್ಲಿ ಮೂಡಿತೆನ್ನುವ ಮಾತನ್ನು ಒಬ್ಬರಿಗೆ ಬರೆಸುವುದು. ಹಲಗೆಗಳು ಆಗ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿದ್ದವು. ನಮ್ಮ ಕಡೆ ಅಂಜನ ಹಾಕಿ ಕಳೆದ ಎಮ್ಮೆ ಹುಡುಕುವವರು ಗೊತ್ತಲ್ಲ, ಆ ಜಾತಿಯ ವಿದ್ಯೆ. ಜೋಸೆಫ್ ಮೊದಲು ಕಲ್ಲು ನೋಡಿ ನಿಧಿ ಹುಡುಕಿಕೊಡುತ್ತೇನೆ ಎನ್ನುತ್ತಿದ್ದವನೇ. 1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬೇನ್‌ಬ್ರಿಡ್ಜ್‌ನಲ್ಲಿ ಅದೇ ವಿಷಯಕ್ಕೆ ನ್ಯಾಯಾಧೀಶರ ಮುಂದೆ ನಿಂತಿದ್ದ. ಗ್ರಂಥ ಅಚ್ಚಾದದ್ದು 1830ರಲ್ಲಿ. ಆ ಕಲ್ಲಿನ ಫೋಟೋವನ್ನು ಚರ್ಚ್ ಹೊರಬಿಟ್ಟದ್ದು 2015ರಲ್ಲಿ. ಚಾಕೊಲೇಟ್ ಬಣ್ಣ, ಮೊಟ್ಟೆಯಾಕಾರ. ತುಂಬ ಚೆನ್ನಾಗಿದೆ.

ಮುಚ್ಚಿಟ್ಟಿದ್ದಿರಾ ಎಂದರೆ, ಇಲ್ಲವಲ್ಲ, 1970ರ ದಶಕದ ಮಕ್ಕಳ ಪತ್ರಿಕೆಯೊಂದರಲ್ಲಿ ಕಲ್ಲಿನ ಪ್ರಸ್ತಾಪವಿತ್ತು, ನೀನು ಓದಲಿಲ್ಲ ಎಂಬ ಉತ್ತರ. ಅಂದರೆ ತಪ್ಪು ಓದದಿದ್ದವನದ್ದು.

ಬೈಬಲಿನ ಅಬ್ರಹಾಮನ ಕಥೆ ಇದಕ್ಕಿಂತ ರುಚಿ. 1835ರಲ್ಲಿ ಓಹಾಯೋದ ಕರ್ಟ್‌ಲ್ಯಾಂಡಿಗೆ ಮಮ್ಮಿ ಪ್ರದರ್ಶಿಸುತ್ತ ಬಂದ ವ್ಯಾಪಾರಿಯಿಂದ ನಾಲ್ಕು ಮಮ್ಮಿ, ಜೊತೆಗೆ ಪಪೈರಸ್ ಸುರುಳಿಗಳು, ಒಟ್ಟು 2,400 ಡಾಲರಿಗೆ ಖರೀದಿ. ಇದು ಅಬ್ರಹಾಮನೇ ಕೈಯಾರೆ ಬರೆದದ್ದು ಎಂದು ಹೇಳಿ ಜೋಸೆಫನಿಂದ ಅನುವಾದವೂ ಆಯಿತು. ಸುರುಳಿ ಷಿಕಾಗೋ ಬೆಂಕಿಯಲ್ಲಿ ಸುಟ್ಟುಹೋಯಿತೆಂದು ಎಲ್ಲರೂ ನೆಮ್ಮದಿಯಾಗಿದ್ದರು. ಹಾಳಾದ್ದು, ಕೆಲವು ತುಂಡುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಸಿಕ್ಕು 1967ರಲ್ಲಿ ಚರ್ಚಿನ ಕೈಗೆ ಬಂದವು. ಈಜಿಪ್ಟ್ ಲಿಪಿ ಬಲ್ಲವರು ಓದಿದರು. ಹೋರ್ ಎಂಬ ಪುರೋಹಿತನ ಹೆಣದ ಜೊತೆ ಇಟ್ಟ ಉತ್ತರಕ್ರಿಯೆಯ ಪಠ್ಯ ಅದು. ಅಬ್ರಹಾಮನ ಹೆಸರೇ ಇಲ್ಲ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಬ್ರಹಾಮನಿದ್ದದ್ದು ಕಳೆದುಹೋದ ತುಂಡಿನಲ್ಲಿ ಎಂದರು ಒಂದು ಗುಂಪಿನವರು. ಪಪೈರಸ್ ಬರೀ ನೆಪ, ಅದನ್ನು ನೋಡುತ್ತಿದ್ದಾಗ ದೈವಪ್ರೇರಣೆಯಾಯಿತು ಎಂದರು ಇನ್ನೊಂದು ಗುಂಪಿನವರು. ನನಗೆ ಎರಡನೆಯದು ಬಹಳ ಹಿಡಿಸಿತು. ಕಿರಾಣಿ ಅಂಗಡಿಯ ಚೀಟಿ ಎದುರಿಗಿಟ್ಟುಕೊಂಡು ಉಪನಿಷತ್ತು ಅನುವಾದಿಸಬಹುದು.

ಆದರೆ ಈ ಕಲೆಯ ಪರಾಕಾಷ್ಠೆ ಬಿಳಿ ಸಾಲಮ್ಯಾಂಡರ್. ಸಾಲಮ್ಯಾಂಡರ್ ಅಂದರೆ ನೋಡಲು ಹಲ್ಲಿಯಂಥ ಒಂದು ಪ್ರಾಣಿ. 1980ರ ದಶಕದಲ್ಲಿ ಒಂದು ಹಳೆ ಪತ್ರ ಬೆಳಕಿಗೆ ಬಂತು. ಚಿನ್ನದ ಹಲಗೆ ತೆಗೆಯಲು ಹೋದ ಜೋಸೆಫನಿಗೆ ಅಡ್ಡ ಬಂದದ್ದು ದೇವದೂತನಲ್ಲ, ರೂಪ ಬದಲಿಸುವ ಬಿಳಿ ಸಾಲಮ್ಯಾಂಡರ್ ಎಂದಿತ್ತು ಅದರಲ್ಲಿ. ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬಂದವರು ನಾವು, ನಮಗಿದು ಭಾರಿ ಸಂಗತಿಯಲ್ಲ. ಅಲ್ಲಿ ಕೋಲಾಹಲ. 1985ರ ಆಗಸ್ಟಿನಲ್ಲಿ ಚರ್ಚಿನ ಹಿರಿಯ ನಾಯಕರಲ್ಲೊಬ್ಬರಾದ ಅಪೊಸ್ತಲ ಡಾಲಿನ್ ಓಕ್ಸ್ ಚರ್ಚಿನ ಶಿಕ್ಷಕರನ್ನು ಕೂರಿಸಿಕೊಂಡು ವಿವರಿಸಿದರು: ನಿಘಂಟು ತೆಗೆಯಿರಿ, ಸಾಲಮ್ಯಾಂಡರ್ ಎಂದರೆ ಬೆಂಕಿಯಲ್ಲಿ ಬದುಕುವ ಪೌರಾಣಿಕ ಜೀವಿ ಎಂಬ ಅರ್ಥವೂ ಇದೆ, ಅದು ನಮ್ಮ ದೇವದೂತನ ವರ್ಣನೆಗೆ ಹೊಂದುತ್ತದೆ. ಎರಡು ತಿಂಗಳಾಗಿತ್ತಷ್ಟೇ, ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬ್ ಸಿಡಿದು ಇಬ್ಬರು ಸತ್ತರು. ತನಿಖೆ ಮಾಡಿದರೆ ಪತ್ರವೇ ಖೋಟಾ. ಅದನ್ನು ಸೃಷ್ಟಿಸಿದ ಮಾರ್ಕ್ ಹಾಫ್‌ಮನ್ನನೇ ಬಾಂಬ್ ಇಟ್ಟವನು, 1987ರಲ್ಲಿ ತಪ್ಪೊಪ್ಪಿಕೊಂಡ. ಇಲ್ಲದ ಹಲ್ಲಿಗೂ ಅರ್ಥ ಒದಗಿಸಿದ್ದಾಗಿತ್ತು.

ನಗುತ್ತಿದ್ದೇನೆ, ಸರಿ. ಒಂದು ಕಡೆ ನಗು ನಿಂತಿತು. 2014ರಲ್ಲಿ ಚರ್ಚ್ ಪ್ರಕಟಿಸಿದ ಬಹುಪತ್ನಿತ್ವದ ಲೇಖನದಲ್ಲಿ ಜೋಸೆಫನ ಹೆಂಡತಿಯರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹೆಲೆನ್ ಮಾರ್ ಕಿಂಬಾಲ್ ಬಗ್ಗೆ ಬರೆದದ್ದು ಹೀಗೆ: ಅವಳ 15ನೇ ಹುಟ್ಟುಹಬ್ಬಕ್ಕೆ ಹಲವು ತಿಂಗಳು ಮುಂಚೆ.

ಹದಿನಾಲ್ಕು. ಹದಿನಾಲ್ಕು ಎಂದು ಬರೆಯಿರಿ. ಅವನಿಗೆ 37. ಯಾರೋ ಒಬ್ಬರು ಕೂತು ಈ ವಾಕ್ಯ ಬರೆದಿದ್ದಾರೆ, ಇನ್ನೊಬ್ಬರು ತಿದ್ದಿದ್ದಾರೆ, ಸಮಿತಿ ಒಪ್ಪಿದೆ. ಒಂದು ಸಂಖ್ಯೆ ತಪ್ಪಿಸಲು ಅಷ್ಟು ಜನ ಕೆಲಸ ಮಾಡಿದ್ದಾರೆ. 1890ರಲ್ಲಿ ಬಹುಪತ್ನಿತ್ವ ನಿಲ್ಲಿಸಿದ್ದೇವೆ ಎಂದು ಘೋಷಿಸಿದ ಮೇಲೂ ಅಂಥ ಮದುವೆಗಳು ನಡೆದವೆಂದು ದಾಖಲೆ ಸಮೇತ ಬರೆದ ಇತಿಹಾಸಕಾರ ಮೈಕೆಲ್ ಕ್ವಿನ್‌ರನ್ನು 1993ರಲ್ಲಿ ಬಹಿಷ್ಕರಿಸಿದರು. ಆ ಮದುವೆಗಳು ನಡೆದದ್ದು ಹೌದೆಂದು ಈಗ ಚರ್ಚೇ ಬರೆದುಕೊಂಡಿದೆ. ಕ್ವಿನ್ 2021ರಲ್ಲಿ ಹೊರಗಿನವರಾಗಿಯೇ ತೀರಿಕೊಂಡರು. ಇದಕ್ಕೆ ಯಾವ ನಿಘಂಟು ತೆಗೆಯುತ್ತೀರಿ?

ಸಾಕು. ಕಾಫಿಗೆ ಬರೋಣ. 1833ರ ದೈವವಾಣಿಯಲ್ಲಿ ‘ಬಿಸಿ ಪಾನೀಯ’ ಬೇಡ ಎಂದಿದೆಯಂತೆ. ಅದರ ಅರ್ಥ ಕಾಫಿ, ಚಹಾ. ಆದ್ದರಿಂದ ತಣ್ಣನೆ ಕಾಫಿಯೂ ಪಾಪ, ಕುದಿಯುವ ಚಾಕೊಲೇಟ್ ಪಾಪವಲ್ಲ. ಕೋಲಾದಲ್ಲಿರುವ ಕೆಫೀನ್ ಪರವಾಗಿಲ್ಲ ಎಂದು 2012ರಲ್ಲಿ ಇತ್ಯರ್ಥವಾಯಿತು. ಭಾರತದಲ್ಲಿ ತಮ್ಮ ಮೊದಲ ದೇವಾಲಯಕ್ಕೆ ಇವರು 2018ರಲ್ಲಿ ಆರಿಸಿದ ಊರು ಬೆಂಗಳೂರು. ನಮ್ಮೂರಿನ ಬೀದಿ ಬೀದಿಯ ದರ್ಶಿನಿಗಳ ನಡುವೆ ಸಂತರಾಗಿ ಉಳಿಯುವವರಿಗೆ ಈಗಲೇ ಅಡ್ಡಬಿದ್ದೆ.

ಚರ್ಚ್ ಬಿಟ್ಟವನನ್ನು ಭಾವಮೈದುನ ಒಂದು ಭಾನುವಾರ ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ. ಜೀವನದ ಮೊದಲ ಕಾಫಿ. ಕಂಠದ ಬಳಿ ಹಿಡಿಯಬೇಕೆಂದು ಗೊತ್ತಿಲ್ಲದೆ ಇಡೀ ಲೋಟ ಹಿಡಿದು ಬೆರಳು ಸುಟ್ಟುಕೊಂಡನಂತೆ. ಊದಿ ಊದಿ ಕುಡಿಯುತ್ತ ಅಮ್ಮನ ವಿಷಯ ಹೇಳಿದ. ಕಲ್ಲು, ಪಪೈರಸ್, ಹದಿನಾಲ್ಕರ ಹುಡುಗಿ, ಎಲ್ಲವನ್ನೂ ಒಂದು ಸಂಜೆ ಫೋನಿನಲ್ಲಿ ಹೇಳಿ ಮುಗಿಸಿದಾಗ ಆಕೆ ಕೇಳಿದ್ದು ಒಂದೇ: “ಚರ್ಚಿನಲ್ಲಿ ಯಾರಾದರೂ ನಿನ್ನ ಮನಸ್ಸು ನೋಯಿಸಿದರಾ?”

ಇನ್ನೊಂದು ಲೋಟ ಸಿಗುತ್ತದಾ ಎಂದ. ಡಿಕಾಕ್ಷನ್ ಮುಗಿದಿತ್ತು. ಇನ್‌ಸ್ಟೆಂಟ್ ಕಲಸಿ ಕೊಟ್ಟರಂತೆ.