ಲಾರಿ ಸೈನ್ಯದ್ದು, ಬೋಲ್ಟು ಕಂಪನಿಯದ್ದು

ತಯಾರಕ ಕಂಪನಿಗಳ ಕರಾರುಗಳು ಬಿಗಿಹಿಡಿದಿರುವ, ತಮ್ಮ ವಾಹನಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕು ಅಮೆರಿಕದ ಸೈನಿಕರಿಗೆ 2025ರಲ್ಲೂ ಸಿಗಲಿಲ್ಲವೆಂಬ ಸುದ್ದಿಯನ್ನು ನೀವೆಲ್ಲ ಓದಿಯೇ ಇರುತ್ತೀರಿ. ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಎಲಿಜಬೆತ್ ವಾರನ್ ಮತ್ತು ರಿಪಬ್ಲಿಕನ್ ಪಕ್ಷದ ಸೆನೆಟರ್ ಟಿಮ್ ಶೀಹಿ ಒಂದೇ ಕಾಗದಕ್ಕೆ ಸಹಿ ಹಾಕುವುದೇ ಒಂದು ಪವಾಡವಾಗಿರುವಾಗ, ಅಂಥವರಿಬ್ಬರೂ ಸೇರಿ ಕೇಳಿದ್ದ ಈ ಹಕ್ಕು ಸೆನೆಟ್‌ನ ಕರಡಿನಲ್ಲೂ ಕೆಳಮನೆಯ ಕರಡಿನಲ್ಲೂ ಒಂದಲ್ಲ ಒಂದು ರೂಪದಲ್ಲಿ ಇತ್ತು. 2025ರ ಡಿಸೆಂಬರಿನಲ್ಲಿ ರಕ್ಷಣಾ ಮಸೂದೆಯ ಅಂತಿಮ ಪ್ರತಿ ಹೊರಬರುವಷ್ಟರಲ್ಲಿ ಎರಡೂ ಕಡೆಯದು ಮಾಯವಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಷ್ಟು ದೊಡ್ಡ ಬಜೆಟ್ಟಿನ ಉದಾಹರಣೆ ಹಿಂದೆ ಸಿಕ್ಕಿರಲಾರದು.

ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ಗುಂಡಿಯ ಕತೆಯಂತೂ ಈಗಾಗಲೇ ಪುರಾಣವಾಗಿದೆ. ಪರದೆಯನ್ನು ಹೊಂದಿಸುವ ಆ ಪುಟ್ಟ ತಿರುಗುಗುಂಡಿ ಮುರಿದರೆ ಗುಂಡಿಯೊಂದನ್ನೇ ಕೊಡುವ ಪದ್ಧತಿ ತಯಾರಕರಲ್ಲಿಲ್ಲ. 47,000 ಡಾಲರ್ ತೆತ್ತು ಅದು ಕೂತಿರುವ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಸೈನ್ಯವೇ ಮಾಡಿಕೊಂಡರೆ ಅದಕ್ಕೆ ತಗಲುವುದು 15 ಡಾಲರ್. ಮೂಗಿಗಿಂತ ಮೂಗುತಿ ಭಾರ ಎಂದ ನಮ್ಮ ಹಿರಿಯರು, ಮೂಗುತಿಯ ತಿರುಪು ಕಳೆದರೆ ಮೂಗನ್ನೇ ಹೊಸದಾಗಿ ಕೊಳ್ಳಬೇಕಾದ ಕಾಲವನ್ನು ಕಂಡಿರಲಿಲ್ಲ.

ಈ ನಾಗರಿಕತೆಯ ಎತ್ತರವನ್ನು ಅಳೆಯಬೇಕಾದರೆ ಹಳೆಯ ಅಜ್ಞಾನದ ಕಾಲವನ್ನು ಒಮ್ಮೆ ನೋಡಿ ಬರಬೇಕು. ಎರಡನೆಯ ಮಹಾಯುದ್ಧದಲ್ಲಿ ಜಿಎಂಸಿ ಕಂಪನಿಯು ಎರಡೂವರೆ ಟನ್ನಿನ ಲಾರಿಗಳನ್ನು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. 1944ರಲ್ಲಿ ಫ್ರಾನ್ಸಿನ ದಾರಿಗಳಲ್ಲಿ ಹಗಲೂ ರಾತ್ರಿ ಸಾಮಗ್ರಿ ಸಾಗಿಸಿದ ಚಾಲಕರು, ಇವರಲ್ಲಿ ಹೆಚ್ಚಿನವರು ಕಪ್ಪು ಸೈನಿಕರು, ವೇಗಕ್ಕೆ ಕಡಿವಾಣ ಹಾಕುವ ಗವರ್ನರ್ ಎಂಬ ಸಾಧನವನ್ನು ತಾವೇ ಬಿಚ್ಚಿ ಅಥವಾ ಸಡಿಲಿಸಿ ಲಾರಿಗಳನ್ನು ಓಡಿಸಿದರು. ಮುಂಚೂಣಿಗೆ ಪೆಟ್ರೋಲು ತಲುಪಿತು, ನಿಜ. ಆದರೆ ಗವರ್ನರಿನ ವಾರಂಟಿ ರದ್ದಾಗುತ್ತದೆಂಬ ಪ್ರಜ್ಞೆ ಅವರಲ್ಲಿ ಒಬ್ಬರಿಗೂ ಇದ್ದಂತಿಲ್ಲ.

ಆಮೇಲೆ ಬಂದ ಎಂ35 ಲಾರಿಯ ವಿನ್ಯಾಸಕಾರರಿಗೂ ವ್ಯಾಪಾರಬುದ್ಧಿ ಇರಲಿಲ್ಲ. ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದೆಂಬುದನ್ನು ಲೋಹದ ಫಲಕದ ಮೇಲೆ ಒತ್ತಿ ಚಾಲಕನ ಕಣ್ಣೆದುರಿಗೇ ಹೊಡೆದುಬಿಟ್ಟರು. ಡೀಸೆಲ್, ಸೀಮೆಎಣ್ಣೆ, ಜೆಟ್ ವಿಮಾನದ ಇಂಧನ, ತೀರಾ ಇಕ್ಕಟ್ಟಾದರೆ ಪೆಟ್ರೋಲು, ಹೀಗೆ ಕೈಗೆ ಸಿಕ್ಕಿದ್ದನ್ನು ಕುಡಿದು ಓಡುವ ಎಂಜಿನ್ನನ್ನು ಮುಂದಿನ ಮಾದರಿಗಳಲ್ಲಿ ಕೂರಿಸಿದರು. ಎಲ್ಲಕ್ಕಿಂತ ದೊಡ್ಡ ಪ್ರಮಾದವೆಂದರೆ, ಗ್ರೀಸ್ ಹೊಡೆಯಬೇಕಾದ ಪ್ರತಿ ನಿಪ್ಪಲ್ ಎಲ್ಲಿದೆ, ಎಷ್ಟು ಮೈಲಿಗೊಮ್ಮೆ ಹೊಡೆಯಬೇಕು ಎಂಬುದರಿಂದ ಹಿಡಿದು ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ ಜೋಡಿಸುವವರೆಗಿನ ಕೈಪಿಡಿಗಳನ್ನು ಸರ್ಕಾರದ ಹೆಸರಿನಲ್ಲೇ ಅಚ್ಚು ಹಾಕಿಸಿದರು. ಅಮೆರಿಕದ ಕಾನೂನಿನಂತೆ ಸರ್ಕಾರವೇ ಬರೆದದ್ದಕ್ಕೆ ಕೃತಿಸ್ವಾಮ್ಯವಿಲ್ಲವಾದ್ದರಿಂದ ಅವನ್ನು ಇಂದಿಗೂ ಯಾರು ಬೇಕಾದರೂ ಓದಬಹುದು, ನಕಲು ಮಾಡಿ ಹಂಚಬಹುದು.

ಓದಲು ಬೇಸರವಾದೀತೆಂದು ಚಿತ್ರಕತೆಯನ್ನೂ ಮಾಡಿಸಿದ್ದರು. ವಿಲ್ ಐಸ್ನರ್ ಎಂಬ ಹೆಸರಾಂತ ಚಿತ್ರಕಾರ ಯುದ್ಧಕಾಲದಲ್ಲಿ ಜೋ ಡೋಪ್ ಎಂಬೊಬ್ಬ ಪೆದ್ದ ಸೈನಿಕನನ್ನು ಸೃಷ್ಟಿಸಿದ್ದರು. ವಾಹನದ ಪಾಲನೆಯನ್ನು ಕಡೆಗಣಿಸಿ ಅವಾಂತರ ಮಾಡಿಕೊಳ್ಳುವುದೇ ಅವನ ಉದ್ಯೋಗ. 1951ರಲ್ಲಿ ಸೈನ್ಯವು ಪಾಲನೆ ಮತ್ತು ರಿಪೇರಿಗೆಂದೇ ಒಂದು ಮಾಸಪತ್ರಿಕೆಯನ್ನು ಆರಂಭಿಸಿದಾಗ ಐಸ್ನರ್ ಅದಕ್ಕೂ ಎರಡು ದಶಕ ಚಿತ್ರ ಬರೆದರು. ಹದಿನೆಂಟರ ಹುಡುಗನೊಬ್ಬ ನಗುತ್ತ ನಗುತ್ತ ಏರ್ ಫಿಲ್ಟರ್ ತೊಳೆಯುವುದನ್ನು ಕಲಿಯಲಿ ಎಂಬುದು ಅಂದಿನ ಸೇನಾಡಳಿತದ ಆಸೆಯಾಗಿತ್ತು. ಇಂದು ಜೋ ಡೋಪ್ ಮರಳಿ ಬಂದರೆ ಅವನಷ್ಟು ಶಿಸ್ತಿನ ಸೈನಿಕ ಮತ್ತೊಬ್ಬನಿಲ್ಲ, ಏಕೆಂದರೆ ಏನನ್ನೂ ಮುಟ್ಟದೆ ಸುಮ್ಮನಿರುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಎಂ35ರ ಬ್ರೇಕಿಗೆ ಇರುವುದು ಒಂದೇ ಸರ್ಕೀಟು, ಎಂದರೆ ಬ್ರೇಕಿನ ಎಣ್ಣೆ ಹರಿಯುವ ಒಂದೇ ಕೊಳವೆಜಾಲ. ಎಲ್ಲಾದರೂ ಒಂದು ಪೈಪು ಒಡೆದರೆ ಪೆಡಲು ನೆಲಕ್ಕೆ ಹೋಗುತ್ತದೆ, ಸುಮಾರು ಆರು ಸಾವಿರ ಕಿಲೋದಷ್ಟು ಕಬ್ಬಿಣ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ. ಹಳೆಯ ಲಾರಿಗಳ ಚಕ್ರದಲ್ಲಿ ಟೈರನ್ನು ಹಿಡಿದಿಡುವ ಲಾಕ್ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವನ ತಲೆ ಉಳಿಯುವುದಿಲ್ಲ. ಅದಕ್ಕೆಂದೇ ಬಲ್ಲವರು ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುತ್ತಾರೆ. ಆದರೆ ಈ ಅಪಾಯಗಳು ಗೊತ್ತಿರುವುದು ಕೈಪಿಡಿಗಳು ಎಲ್ಲರ ಕೈಯಲ್ಲಿರುವುದರಿಂದ, ಬಲ್ಲವರು ಬಿಚ್ಚಿ ನೋಡಿ ಉಳಿದವರಿಗೆ ಹೇಳಿರುವುದರಿಂದ. ಹಳೆಯ ಸೇನಾವಾಹನಗಳನ್ನು ಕೊಂಡು ಓಡಿಸುವ ಹವ್ಯಾಸಿಗಳಲ್ಲಿ ಬ್ರೇಕಿಗೆ ಎರಡನೆಯ ಸರ್ಕೀಟನ್ನು ಸೇರಿಸಿಕೊಂಡವರೂ ಇದ್ದಾರೆ, ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಹವ್ಯಾಸಿಗಳ ಮಾತು ಬಂದುದರಿಂದ ಎಂ151 ಜೀಪಿನ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ತಿರುವಿನಲ್ಲಿ ಮಗುಚಿ ಬೀಳುವ ಚಾಳಿಯಿದ್ದ ಆ ಜೀಪು ಸಾರ್ವಜನಿಕ ರಸ್ತೆಗೆ ಯೋಗ್ಯವಲ್ಲವೆಂದು ಸರ್ಕಾರ ತೀರ್ಮಾನಿಸಿತು. ತೀರ್ಮಾನವೇನೋ ಸರಿಯೇ, ಅದೇ ಜೀಪಿನಲ್ಲಿ ಅಷ್ಟು ವರ್ಷ ಸೈನಿಕರನ್ನು ಕೂರಿಸಿದ್ದರ ಬಗ್ಗೆ ಕೇಳಬಾರದು. ಮಾರುವ ಮೊದಲು ಅವನ್ನು ಕತ್ತರಿಸಿ ಗುಜರಿ ಮಾಡಿ ಕೊಟ್ಟರು. ಕೊಂಡವರು ಆ ತುಂಡುಗಳನ್ನು ಮನೆಗೆ ತಂದು, ಎಳೆದು ಸರಿಹೊಂದಿಸಿ, ಬೆಸುಗೆ ಹಾಕಿ ಮತ್ತೆ ಓಡಿಸಿದರು. ಕತ್ತರಿಸಿ ಕೊಟ್ಟರೂ ಜೋಡಿಸಿಕೊಳ್ಳುವ ಈ ಜನರು ಒಂದು ಕಡೆ, ಇಡಿಯಾಗಿಯೇ ಕೊಟ್ಟರೂ ಬಾನೆಟ್ ಎತ್ತಲು ಕರಾರುಪತ್ರ ಹುಡುಕಬೇಕಾದ ಸೈನ್ಯ ಇನ್ನೊಂದು ಕಡೆ. ಜಗತ್ತಿನ ಅತಿ ಬಲಿಷ್ಠ ಸೈನ್ಯ ಯಾವುದೆಂಬ ಪ್ರಶ್ನೆಯನ್ನು ಇಲ್ಲಿಗೇ ಬಿಡುತ್ತೇನೆ.

ತಯಾರಕರ ವಾದವನ್ನೂ ಕೇಳಬೇಕು. ಬೌದ್ಧಿಕ ಆಸ್ತಿ ಸೋರಿಹೋದರೆ ಹೊಸ ಆವಿಷ್ಕಾರಗಳಿಗೆ ಯಾರೂ ಹಣ ಹೂಡುವುದಿಲ್ಲವಂತೆ. ಹಕ್ಕಿನ ಬದಲು, ಬೇಕಾದಾಗಲೆಲ್ಲ ಹಣ ತೆತ್ತು ಮಾಹಿತಿ ಪಡೆಯುವ ಏರ್ಪಾಡಿನ ಮಾತೂ ನಡುವೆ ಬಂದಿತ್ತು. ಎದುರಾಳಿಯ ಗುಂಡು ಹಾರುತ್ತಿರುವಾಗ ಚಂದಾ ನವೀಕರಿಸುವ ಸೌಕರ್ಯವಿದು. ನನಗಂತೂ ಮೆಚ್ಚುಗೆಯಾಯಿತು.

ಇಲ್ಲ, ಮೆಚ್ಚುಗೆಯಾಗಲಿಲ್ಲ. 2019ರಲ್ಲಿ ಮರೀನ್ ದಳದ ಅಧಿಕಾರಿಯೊಬ್ಬರು ಪತ್ರಿಕೆಯಲ್ಲಿ ಬರೆದದ್ದನ್ನು ಓದಿದವರಿಗೆ ನಗುವುದು ಕಷ್ಟ. ಜಪಾನಿನಲ್ಲಿದ್ದ ಅವರ ದುರಸ್ತಿ ಘಟಕದಿಂದ ಎಂಜಿನ್‌ಗಳನ್ನು ಕಟ್ಟಿ ಹಡಗಿಗೆ ಹಾಕಿ ಅಮೆರಿಕದ ಗುತ್ತಿಗೆದಾರರಿಗೆ ಕಳುಹಿಸುತ್ತಿದ್ದರು, ಹೋಗಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಕಾರಣ ಕೇಳಿದರೆ ಕರಾರಿನಲ್ಲಿ ಹಾಗೆಯೇ ಇದೆ ಎಂಬ ಉತ್ತರ. ಕೆಲಸ ಬಲ್ಲ ಮೆಕ್ಯಾನಿಕ್ ಅಲ್ಲೇ ನಿಂತಿದ್ದಾನೆ, ಕೆಟ್ಟ ಎಂಜಿನ್ ಅವನ ಕಣ್ಣೆದುರಿಗಿದೆ, ಉಪಕರಣವೂ ಇದೆ. ಅವನು ಮಾಡಬೇಕಾದ ಕೆಲಸ ಅದಕ್ಕೆ ಪೆಟ್ಟಿಗೆ ಮಾಡುವುದು. ಇದನ್ನು ಕಾನೂನಿನ ಸೂಕ್ಷ್ಮವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಇದು ಸುಲಿಗೆ. ಸುಲಿಗೆಯೆಂದು ಗೊತ್ತಿದ್ದೂ ಮುಚ್ಚಿದ ಬಾಗಿಲ ಹಿಂದೆ ಆ ಸಾಲುಗಳನ್ನು ಹೊಡೆದುಹಾಕಿದವರು ನಾಳೆ ಸೈನಿಕರ ತ್ಯಾಗದ ಬಗ್ಗೆ ಭಾಷಣ ಮಾಡುತ್ತಾರೆ, ನಾವು ಅದನ್ನೂ ಕೇಳುತ್ತೇವೆ.

ಇಂದು ಕಾರ್ಖಾನೆಯಿಂದ ಹೊರಬರುತ್ತಿರುವ ಸೇನಾವಾಹನಗಳು ಐವತ್ತು ವರ್ಷಗಳ ಬಳಿಕ ಹರಾಜಿಗೆ ಬಂದಾಗ ಅವುಗಳ ಕೆಳಗೆ ಮಲಗುವವನ ಕೈಯಲ್ಲಿ ಏನಿರುತ್ತದೆಂದು ಆಗಾಗ ಯೋಚಿಸುತ್ತೇನೆ. ಪ್ರಾಯಶಃ ಗ್ರಾಹಕ ಸೇವೆಯ ಒಂದು ದೂರವಾಣಿ ಸಂಖ್ಯೆ, ಅತ್ತ ಕಡೆ ಎತ್ತುವವರಿಲ್ಲ. ಎಂ35 ಲಾರಿಯನ್ನು ಮೊದಲು ರೂಪಿಸಿದ್ದು ರಿಯೋ ಎಂಬ ಕಂಪನಿ. ಅದು 1967ರಲ್ಲಿ ಡೈಮಂಡ್ ಟಿ ಜತೆ ಸೇರಿ ಡೈಮಂಡ್ ರಿಯೋ ಆಯಿತು, 1975ರಲ್ಲಿ ದಿವಾಳಿಯೆದ್ದಿತು. ಲಾರಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. 24 ವೋಲ್ಟಿನ ಬ್ಯಾಟರಿ ಜೋಡಿ ಸರಿಯಾಗಿದ್ದರೆ ಈಗಲೂ ಒಂದೇ ಸಲಕ್ಕೆ ಹೊತ್ತಿಕೊಂಡು, ಟರ್ಬೋದ ಶಿಳ್ಳೆ ಹಾಕುತ್ತ ಹೊರಟುಬಿಡುತ್ತವೆ.