ಕಚೇರಿಯ ಕೆಳಗಿನ ಪಬ್

ಲಂಡನ್ನಿಗೆ ಬರುವ ನಮ್ಮವರಿಗೆ ಹಳೆಯ ಪಬ್ಬೇ ಆಗಬೇಕು. ತಲೆಗೆ ತಾಗುವ ಚಾವಣಿ, ಕಪ್ಪಾದ ಮರದ ತೊಲೆಗಳು, ಯಾವ ಲೇಖಕ ಯಾವ ಮೂಲೆಯಲ್ಲಿ ಕುಳಿತಿದ್ದನೆಂದು ಹೇಳುವ ಒಂದು ಫಲಕ, ಇಷ್ಟಿದ್ದರೆ ಅದು ಪಬ್, ಇಲ್ಲದಿದ್ದರೆ ಬರಿಯ ಬಾರ್ ಎಂಬ ಎಣಿಕೆ. 1666ರ ಮಹಾ ಬೆಂಕಿಯ ಮರುವರ್ಷ ಮತ್ತೆ ಕಟ್ಟಿದ ಫ್ಲೀಟ್ ಸ್ಟ್ರೀಟಿನ ‘ಯೆ ಓಲ್ಡ್ ಚೆಷೈರ್ ಚೀಸ್’ನಲ್ಲಿ ಇದೆಲ್ಲವೂ ಧಾರಾಳವಾಗಿ ಸಿಗುತ್ತದೆ, ಜೊತೆಗೆ ಫೋಟೊ ತೆಗೆಯುವವರ ನೂಕುನುಗ್ಗಲೂ ಸಿಗುತ್ತದೆ. ನಾನು ಮಾತ್ರ ಬಂದವರನ್ನು ಏಂಜಲ್ ಲೇನ್ ಎಂಬ ಓಣಿಯ ತುದಿಯಲ್ಲಿ ಥೇಮ್ಸ್ ನದಿಗೆ ಮುಖಮಾಡಿರುವ ‘ಆಯ್‌ಸ್ಟರ್ ಶೆಡ್’ಗೆ ಕರೆದೊಯ್ಯುತ್ತೇನೆ. ಅದರ ಮೇಲಿರುವುದು ಗಾಜಿನ ದೊಡ್ಡದೊಂದು ಕಚೇರಿ ಕಟ್ಟಡ. ಜಪಾನಿನ ನೊಮುರಾ ಬ್ಯಾಂಕಿನ ಕಚೇರಿ ಅಲ್ಲಿದೆ. ಬೆಂಗಳೂರಿನಿಂದ ಬಂದಿದ್ದ ನನ್ನ ಭಾವಮೈದ ಅದನ್ನು ಕಂಡೊಡನೆ, “ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಭಾವ? ನಮ್ಮ ಬೆಳ್ಳಂದೂರಲ್ಲೇ ಇದೆಯಲ್ಲ” ಎಂದುಬಿಟ್ಟ. ಉತ್ತರ ತುಸು ಉದ್ದವಾದದ್ದರಿಂದ ಅಂದು ನಕ್ಕು ಸುಮ್ಮನಾದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ‘ಸಿಟಿ’ ಎಂದು ಕರೆಯಲಾಗುವ ಲಂಡನ್ನಿನ ಈ ಹಳೆಯ ವಾಣಿಜ್ಯ ಭಾಗದಲ್ಲಿ ಕಚೇರಿಯ ಕೆಳಗಿನ ಪಬ್ಬು ಊರಿನ ಸ್ವಭಾವಕ್ಕೆ ಹೊಂದುವಂಥದ್ದು. ತೊಲೆಗಳಿಲ್ಲವೆಂದು ಅದನ್ನು ಕೀಳಾಗಿ ಕಾಣುವುದು ತಪ್ಪು. ಮೂರು ಚದರ ಕಿಲೋಮೀಟರಿಗಿಂತಲೂ ಚಿಕ್ಕದಾದ ಈ ಪ್ರದೇಶದಲ್ಲಿ 2021ರ ಜನಗಣತಿಯಂತೆ ವಾಸವಿರುವವರು ಸುಮಾರು 8,600 ಮಂದಿ. ದುಡಿಯಲು ಬರುವವರು ಆರು ಲಕ್ಷಕ್ಕೂ ಹೆಚ್ಚು. ಇಂಥ ಕಡೆ ನೆರೆಹೊರೆಯವರನ್ನೇ ನಂಬಿ ಯಾವ ಪಬ್ಬೂ ಬದುಕಲಾರದು. ಅಷ್ಟೇ ಅಲ್ಲ, ಇಲ್ಲಿನ ದೊಡ್ಡ ದೊಡ್ಡ ಕಚೇರಿಗಳ ಮೂಲವನ್ನು ಹುಡುಕಿಕೊಂಡು ಹೋದರೆ ಸಿಗುವುದು ಏನನ್ನಾದರೂ ಕುಡಿಯುತ್ತ ಕುಳಿತುಕೊಳ್ಳುವ ಜಾಗಗಳೇ. ಎಡ್ವರ್ಡ್ ಲಾಯ್ಡ್ ಎಂಬಾತ 1680ರ ದಶಕದಲ್ಲಿ ಟವರ್ ಸ್ಟ್ರೀಟಿನಲ್ಲಿ ನಡೆಸುತ್ತಿದ್ದ ಕಾಫಿ ಅಂಗಡಿಯಲ್ಲಿ ಹಡಗಿನ ಮಾಲೀಕರೂ ವಿಮೆ ಬರೆಯುವವರೂ ಸೇರುತ್ತಿದ್ದರು. ಇಂದಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಬೆಳೆದದ್ದು ಅಲ್ಲಿಂದ. ಷೇರು ಪೇಟೆಯ ಕತೆಯೂ ಹೆಚ್ಚು ಬೇರೆಯಲ್ಲ. ಎಕ್ಸ್‌ಚೇಂಜ್ ಆಲಿಯ ಜೊನಾಥನ್ಸ್ ಕಾಫಿ ಅಂಗಡಿಯಲ್ಲಿ ಕುಳಿತು 1698ರಲ್ಲಿ ಜಾನ್ ಕ್ಯಾಸ್ಟೇಂಗ್ ಎಂಬ ದಲ್ಲಾಳಿ ಷೇರು ಮತ್ತು ಸರಕಿನ ದರಪಟ್ಟಿ ಹೊರಡಿಸಲಾರಂಭಿಸಿದ. ಲೋಟಗಳ ನಡುವೆ ಹುಟ್ಟಿದ ಕಚೇರಿ ಮುಂದೆ ಬಹುಮಹಡಿಯಾಗಿ ಬೆಳೆಯಿತು. ಲೋಟಗಳು ನೆಲಮಹಡಿಯಲ್ಲೇ ಉಳಿದವು.

ಆಯ್‌ಸ್ಟರ್ ಶೆಡ್ ಇರುವ ನೆಲಕ್ಕಂತೂ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಪಕ್ಕದಲ್ಲಿ, ಈಗ ಕ್ಯಾನನ್ ಸ್ಟ್ರೀಟ್ ರೈಲು ನಿಲ್ದಾಣವಿರುವಲ್ಲಿ, ಜರ್ಮನ್ ಪಟ್ಟಣಗಳ ಹ್ಯಾನ್ಸಾ ವರ್ತಕರ ಸ್ಟೀಲ್‌ಯಾರ್ಡ್ ಎಂಬ ಠಾಣ್ಯವಿತ್ತು. ಗೋದಾಮು, ಸಭಾಂಗಣ, ಸುತ್ತಲೂ ಗೋಡೆ, ಒಳಗೆ ತಮ್ಮದೇ ಕಟ್ಟಳೆ ಎಂದು ಆ ವರ್ತಕರು ಶತಮಾನಗಳ ಕಾಲ ಅಲ್ಲಿ ವ್ಯಾಪಾರ ಮಾಡಿದರು. 1598ರಲ್ಲಿ ಒಂದನೆಯ ಎಲಿಜಬೆತ್ ರಾಣಿ ಅವರನ್ನು ಹೊರಹಾಕಿದ ಮೇಲೂ, ರೈನ್ ಕಣಿವೆಯ ದ್ರಾಕ್ಷಾರಸ ಮಾರುವ ಅಲ್ಲಿನ ಮನೆ ಹದಿನೇಳನೆಯ ಶತಮಾನದಲ್ಲಿ ಲಂಡನ್ನಿಗರಿಗೆ ಚಿರಪರಿಚಿತವಾಗಿತ್ತು. ಈಗಿನ ಗಾಜಿನ ಕಟ್ಟಡಕ್ಕೆ ಮುಂಚೆ ಅದೇ ಜಾಗದಲ್ಲಿ ಮಾಂಡಿಯಲ್ ಹೌಸ್ ಎಂಬ ಅಂತರರಾಷ್ಟ್ರೀಯ ದೂರವಾಣಿ ವಿನಿಮಯ ಕೇಂದ್ರವಿತ್ತು. 1970ರ ದಶಕದಲ್ಲಿ ಕಟ್ಟಿದ ಅದನ್ನು 2006ರಲ್ಲಿ ಕೆಡವಿದರು. ಊರಿನ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು, ಲಂಡನ್ನಿನಲ್ಲಿದ್ದ ಮಗನೊಂದಿಗೆ ಕೂಗಿ ಕೂಗಿ ಮಾತಾಡಿದ ನಮ್ಮ ಹಿರಿಯರ ದನಿಗಳೂ ಆ ಕಟ್ಟಡವನ್ನು ಹಾದುಹೋಗಿರಬಹುದು ಎಂದು ನನಗೆ ಅಲ್ಲಿ ನಿಂತಾಗಲೆಲ್ಲ ಅನಿಸುತ್ತದೆ.

ಒಳಗಿನ ಅಲಂಕಾರದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ದೊಡ್ಡ ಕಿಟಕಿಗಳು, ಎದುರಿಗೆ ನದಿ, ಆಚೆ ದಡದಲ್ಲಿ ಶಾರ್ಡ್ ಗೋಪುರ. ಹೇಳಬೇಕಾದದ್ದು ಕೌಂಟರಿನ ವಿಷಯ. ಇಂಗ್ಲಿಷರು ಪಬ್ಬಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಬಿಯರಲ್ಲ, ಕೌಂಟರು ಎಂದೇ ನನ್ನ ನಂಬಿಕೆ. ಇಲ್ಲಿ ಯಾರೂ ಮೇಜಿನ ಬಳಿ ಬಂದು “ಹೇಳಿ ಸರ್” ಎನ್ನುವುದಿಲ್ಲ. ನೂರಾರು ಜನರ ಮೇಲಧಿಕಾರಿಯೂ ಎದ್ದುಹೋಗಿ, ತನ್ನ ಸರದಿ ಬರುವವರೆಗೆ ನಿಂತು, ಕೈಯಾರೆ ಹಣ ಕೊಟ್ಟು, ಮೂರು ಲೋಟಗಳನ್ನು ಎರಡು ಕೈಗಳಲ್ಲಿ ಹಿಡಿದು ತುಳುಕಿಸಿಕೊಂಡು ಬರಬೇಕು. ಒಂದು ಸುತ್ತು ಒಬ್ಬ ತಂದರೆ ಮುಂದಿನ ಸುತ್ತು ಇನ್ನೊಬ್ಬನದು. ಹೊಸದಾಗಿ ಸೇರಿದ ಹುಡುಗಿ ತನ್ನ ನಿರ್ದೇಶಕನಿಗೆ ಪಾನೀಯ ತಂದುಕೊಡುವುದು ಎಷ್ಟು ಸಹಜವೋ ಅವನು ಅವಳಿಗೆ ತಂದುಕೊಡುವುದೂ ಅಷ್ಟೇ ಸಹಜ. ಮದ್ಯ ಮುಟ್ಟದವರು ನಿಂಬೆ ಸೋಡಾ ಕೇಳಿದರೆ ಹುಬ್ಬೇರಿಸುವವರಿಲ್ಲ. ಕಂಪನಿಯ ಕೆಲಸದ ಮೇಲೆ ಇಲ್ಲಿಗೆ ಬರುವ ನಮ್ಮ ಹುಡುಗರಿಗೆ, ಅದರಲ್ಲೂ ಹಾಸನ, ದಾವಣಗೆರೆ, ಬಾಗಲಕೋಟೆಗಳ ಮಡಿವಂತ ಮನೆಗಳಿಂದ ಬಂದವರಿಗೆ, ಈ ಕೊನೆಯ ಮಾತು ಗೊತ್ತಿದ್ದರೆ ಒಳ್ಳೆಯದು. ಮುಜುಗರಪಟ್ಟು ರೂಮಿನಲ್ಲೇ ಉಳಿದವರು ಕಳೆದುಕೊಳ್ಳುವುದು ಬಿಯರನ್ನಲ್ಲ, ಕಚೇರಿಯಲ್ಲಿ ಎಂದೂ ಆಡದ ಮಾತುಗಳನ್ನು ಕೇಳುವ ಅವಕಾಶವನ್ನು.

ಬಿಯರಿನ ಬಗ್ಗೆಯೂ ಒಂದು ಮಾತು ಇದೆ, ಅದು ಕಚೇರಿಯ ಜನಜಂಗುಳಿಯ ಪರವಾಗಿಯೇ ಇದೆ. ಕೈಪಂಪಿನಿಂದ ಎಳೆದುಕೊಡುವ ‘ಕಾಸ್ಕ್ ಏಲ್’ ಎಂಬ ಇಂಗ್ಲಿಷ್ ಬಿಯರನ್ನು ಸೋಸಿ, ಕಾಯಿಸಿ, ಅನಿಲ ತುಂಬಿ ಕಳಿಸುವುದಿಲ್ಲ. ಪೀಪಾಯಿಯೊಳಗೆ ಯೀಸ್ಟ್ ಜೀವಂತವಾಗಿಯೇ ಇದ್ದು, ಪಬ್ಬಿನ ನೆಲಮಾಳಿಗೆಯಲ್ಲೂ ಹುದುಗುವಿಕೆ ಮುಂದುವರಿಯುತ್ತದೆ. 11ರಿಂದ 13 ಡಿಗ್ರಿಯ ತಂಪಿನಲ್ಲಿ ಅದನ್ನು ಕೊಡುತ್ತಾರೆ; ಐಸಿನಂತೆ ತಣ್ಣಗಿಲ್ಲವೆಂದು ನಮ್ಮವರು ದೂರುವುದು ಇದನ್ನೇ. ಒಮ್ಮೆ ಪೀಪಾಯಿ ತೆರೆದರೆ ಗಾಳಿ ಒಳಹೊಕ್ಕು, ಮೂರ್ನಾಲ್ಕು ದಿನಗಳಲ್ಲಿ ರುಚಿ ಕೆಡುತ್ತದೆ. ಹೀಗಾಗಿ ಈ ಬಿಯರ್ ಚೆನ್ನಾಗಿರಬೇಕಾದರೆ ಅದು ಬೇಗ ಖರ್ಚಾಗಬೇಕು. ನಿರ್ಜನವಾದ ಸುಂದರ ಹಳ್ಳಿಯ ಪಬ್ಬಿನಲ್ಲಿ ಹುಳಿಯಾದ ಏಲ್ ಕುಡಿದು ಬಂದವನು ನಾನು; ಮೇಲಿನ ಮಹಡಿಗಳಿಂದ ಸಂಜೆಗೆ ಜನ ಇಳಿದುಬರುವ ಪಬ್ಬಿನಲ್ಲಿ ಆ ಭಯ ಕಡಿಮೆ. ಅಳತೆಯ ವಿಷಯದಲ್ಲೂ ನಿಶ್ಚಿಂತೆ, ಪೈಂಟ್ ಎಂದರೆ 568 ಮಿಲಿಲೀಟರ್. ಪೈಂಟಿನ ಮೂರನೆಯ ಒಂದು, ಅರ್ಧ, ಮೂರನೆಯ ಎರಡು, ಇಲ್ಲವೆ ಪೂರ್ತಿ, ಹೀಗೆ ಕಾನೂನು ಗೊತ್ತುಮಾಡಿದ ಅಳತೆಗಳಲ್ಲೇ ನಲ್ಲಿಯ ಬಿಯರನ್ನು ಮಾರಬೇಕು. ಬೆಂಗಳೂರಿನಲ್ಲಿ ‘ಮಗ್’ ಎಂಬುದು ಅಂಗಡಿಯಿಂದ ಅಂಗಡಿಗೆ ಕುಗ್ಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಕುಡಿತಕ್ಕೂ ದುಡಿಮೆಗೂ ಇರುವ ಈ ನಂಟನ್ನು ಇಲ್ಲಿ ಯಾರೂ ಸಲೀಸಾಗಿ ಒಪ್ಪಿಕೊಂಡಿಲ್ಲ ಎಂಬುದೂ ನಿಜ. ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ಕೆಲಸ ಕೆಡಬಾರದೆಂದು ಪಬ್ಬುಗಳನ್ನು ಮಧ್ಯಾಹ್ನದ ಹೊತ್ತು ಮುಚ್ಚಿಸಿದರು. ಯುದ್ಧ ಮುಗಿದು ಎಷ್ಟೋ ದಶಕಗಳಾದರೂ ಇಂಗ್ಲೆಂಡಿನಲ್ಲಿ ಆ ನಿರ್ಬಂಧ ತೊಲಗಲು 1988 ಬರಬೇಕಾಯಿತು. 2017ರಲ್ಲಿ ಲಾಯ್ಡ್ಸ್ ಸಂಸ್ಥೆಯೇ ತನ್ನ ನೌಕರರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮದ್ಯ ಸೇವಿಸಬಾರದೆಂದು ಆದೇಶ ಹೊರಡಿಸಿತು. ಕಾಫಿ ಅಂಗಡಿಯಲ್ಲಿ ಹುಟ್ಟಿದ ಸಂಸ್ಥೆ ಲೋಟದ ಮೇಲೆ ಗಡಿಯಾರ ಹಿಡಿದು ಕುಳಿತದ್ದು ನೋಡಿ ಹಲವರು ನಕ್ಕರು. ಆದರೆ ಮಧ್ಯಾಹ್ನದ ಊಟಕ್ಕೆಂದು ಹೋಗಿ ನಾಲ್ಕು ಗಂಟೆಗೆ ತೂರಾಡುತ್ತ ಬರುವ ಹಳೆಯ ಸಂಪ್ರದಾಯ, ಕುಡಿಯದವರನ್ನೂ ಬೇಗ ಮನೆಗೆ ಹೋಗಬೇಕಾದ ತಾಯಂದಿರನ್ನೂ ಹೊರಗಿಟ್ಟು ನಡೆಯುತ್ತಿದ್ದ ವ್ಯವಹಾರವಾಗಿತ್ತು. ಆ ಆದೇಶ ಸರಿಯೆಂದೇ ನನ್ನ ಅನಿಸಿಕೆ.

ಈಗ ಬೆಳ್ಳಂದೂರಿನ ಮಾತಿಗೆ ಬರುತ್ತೇನೆ. ಎರಡೂ ಕಡೆ ಗಾಜು ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕೈ ಸುಡುತ್ತದೆ. ವ್ಯತ್ಯಾಸವಿರುವುದು ಬಾಗಿಲಿನಲ್ಲಿ. ಆಯ್‌ಸ್ಟರ್ ಶೆಡ್ಡಿಗೆ ಹೋಗಲು ಬ್ಯಾಂಕಿನ ಲಾಬಿಯನ್ನು ಹಾಯಬೇಕಿಲ್ಲ. ಅದರ ಮುಂದೆ ಹಾದುಹೋಗುವುದು ಹ್ಯಾನ್ಸಿಯಾಟಿಕ್ ವಾಕ್ ಎಂಬ ಸಾರ್ವಜನಿಕ ಕಾಲುದಾರಿ, ಥೇಮ್ಸ್ ದಡದುದ್ದಕ್ಕೂ ಸಾಗುವ ನಡಿಗೆ ಹಾದಿಯ ಒಂದು ತುಣುಕು. ನಾಯಿ ಹಿಡಿದು ಬಂದವರು, ಓಡುವವರು, ಚೀಲ ಹೊತ್ತ ಪ್ರವಾಸಿಗಳು, ಯಾರು ಬೇಕಾದರೂ ಒಳಗೆ ಕಾಲಿಡಬಹುದು. ನಮ್ಮ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳ ಒಳಗಿನ ಪಬ್ಬಿಗೆ ಹೋಗಬೇಕೆಂದರೆ ಗೇಟು, ಸೆಕ್ಯುರಿಟಿ, ಹೆಸರು ಬರೆಸುವ ರಿಜಿಸ್ಟರು, ಕಾರಿನ ಡಿಕ್ಕಿ ತಪಾಸಣೆ. ನಡೆದು ಬಂದವನನ್ನಂತೂ ಅನುಮಾನದಿಂದಲೇ ನೋಡುತ್ತಾರೆ. ಬೆಂಗಳೂರು ಮೊದಲಿನಿಂದಲೂ ಹೀಗಿರಲಿಲ್ಲ. 1980ರ ದಶಕದಲ್ಲಿ ಊರಿಗೆ ಪಬ್ಬು ಬಂದಾಗ ಅದು ಚರ್ಚ್ ಸ್ಟ್ರೀಟು, ರೆಸಿಡೆನ್ಸಿ ರಸ್ತೆಗಳ ಬದಿಗೆ ಬಾಗಿಲು ತೆರೆದುಕೊಂಡೇ ಬಂದಿತು, ಕಾಲೇಜು ಹುಡುಗರೂ ಬ್ಯಾಂಕ್ ಗುಮಾಸ್ತರೂ ನಡೆದುಕೊಂಡೇ ಒಳಹೊಕ್ಕರು. ಈಗ ಬಿಯರು ತಯಾರಾಗುತ್ತಿದ್ದ ನೆಲದಲ್ಲೇ ಯುಬಿ ಸಿಟಿಯ ಗೋಪುರಗಳು ನಿಂತಿವೆ. ಇಲ್ಲಿಯೂ ಅದೇ ಹಾದಿ: ಆಯ್‌ಸ್ಟರ್ ಶೆಡ್ ನಡೆಸುವ ಯಂಗ್ಸ್ ಕಂಪನಿ 1831ರಿಂದ ಬಿಯರ್ ಮಾಡುತ್ತಿದ್ದ ವಾಂಡ್ಸ್‌ವರ್ತಿನ ಬ್ರೂವರಿಯನ್ನು 2006ರಲ್ಲಿ ಮುಚ್ಚಿ ಜಾಗ ಮಾರಿತು. ನಗರದ ನಡುವಿನ ಜಮೀನು ಬಿಯರಿಗಿಂತ ದುಬಾರಿಯಾದಾಗ ಇದು ಎಲ್ಲಿಯೂ ತಪ್ಪದು. ಆದರೆ ಕಟ್ಟಡಕ್ಕೆ ಅನುಮತಿ ಕೊಡುವಾಗ ನೆಲಮಹಡಿಯ ಬಾಗಿಲು ರಸ್ತೆಗೆ ತೆರೆಯಲಿ ಎಂದು ಪಟ್ಟು ಹಿಡಿಯುವುದು ಊರಾಳುವವರ ಕೈಯಲ್ಲೇ ಇದೆ.

ಕೊರತೆಗಳನ್ನೂ ಹೇಳಬೇಕು. ಗಾಜು ಮತ್ತು ಗಟ್ಟಿ ನೆಲದ ನಡುವೆ ಸದ್ದು ಮರುದನಿಗೊಳ್ಳುವುದರಿಂದ ಆರು ಗಂಟೆಯ ನಂತರ ಪಕ್ಕದವರ ಮಾತೂ ಕೇಳಿಸದು. ವಯಸ್ಸಾದವರನ್ನು ಆ ಹೊತ್ತಿಗೆ ಕರೆದೊಯ್ಯುವುದು ಹಿಂಸೆ. ಕೊರೋನಾ ನಂತರ ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಾಗಿ, ಸಿಟಿಯ ಪಬ್ಬುಗಳಿಗೆ ಗುರುವಾರವೇ ಜಾತ್ರೆ. ಅಂದು ಜನ ಹೊರಗೆ ದಾರಿಯ ಮೇಲೆಲ್ಲ ಲೋಟ ಹಿಡಿದು ನಿಂತಿರುತ್ತಾರೆ. ವಾರಾಂತ್ಯದಲ್ಲಿ ಸಿಟಿಯ ಹಲವು ಪಬ್ಬುಗಳು ಬೀಗ ಹಾಕಿರುತ್ತವೆ. ಆರು ಲಕ್ಷ ಜನರ ಮೇಲೆ ನಿಂತ ವ್ಯಾಪಾರಕ್ಕೆ ಎಂಟೂವರೆ ಸಾವಿರ ಜನ ಸಾಲುವುದಿಲ್ಲ.

ಹೋಗುವವರು ಬುಧವಾರ ನಾಲ್ಕು ಗಂಟೆಯ ಸುಮಾರಿಗೆ ಹೋಗಿ. ಕ್ಯಾನನ್ ಸ್ಟ್ರೀಟಿನಲ್ಲಿ ಇಳಿದು ನದಿಯ ಕಡೆಗೆ ಕಸಿನ್ ಲೇನ್ ಹಿಡಿದರೆ, ನಿಲ್ದಾಣದ ಅಡಿಯಲ್ಲೇ ಹಾಯುವ ಸ್ಟೀಲ್‌ಯಾರ್ಡ್ ಪ್ಯಾಸೇಜ್ ಸಿಗುತ್ತದೆ, ಅದರಾಚೆ ಎಡಕ್ಕೆ ಗಾಜಿನ ಕಟ್ಟಡ. ಒಂದು ಪೈಂಟಿಗೆ ಏಳು ಪೌಂಡಿನ ಆಸುಪಾಸು ಆಗುತ್ತದೆ. ಅರ್ಧ ಕೇಳಿದರೂ ಸಂತೋಷದಿಂದಲೇ ಕೊಡುತ್ತಾರೆ. ಕಿಟಕಿಯ ಬದಿಯ ಮೇಜನ್ನು ಬೇರೆ ಯಾರಾದರೂ ಕಾಯ್ದಿರಿಸಿದ್ದಾರೆಯೇ ಎಂದು ಕುಳಿತುಕೊಳ್ಳುವ ಮುನ್ನ ವಿಚಾರಿಸಿಕೊಳ್ಳಿ.